ಎದೆಯ ಮೇಲಿನ ಸೂಜಿ ತೂತುಗಳನ್ನು ಮುಚ್ಚಬೇಡಿ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ, ಅಮೆರಿಕನ್ ಸೇನೆಯ ಉಣ್ಣೆಯ ಗಿಡ್ಡ ಜಾಕೆಟ್ ಒಂದನ್ನು ಕೊಂಡಿದ್ದೇನೆ. ಎಡ ಭುಜದಲ್ಲಿ ಕೆಂಪು ವಜ್ರಾಕಾರದ ಪ್ಯಾಚ್, ಅದರೊಳಗೆ ಹಳದಿ ಹಕ್ಕಿ. ಬಲ ಎದೆಯ ಮೇಲೆ ಇನ್ನೊಂದು ಚಿಕ್ಕ ವಜ್ರಾಕಾರ, ಅದರಲ್ಲೂ ಹಕ್ಕಿ. ಎಡ ತೋಳಿನ ಕೆಳಭಾಗದಲ್ಲಿ ಬಂಗಾರದ ಬಣ್ಣದ ಮೂರು ಅಡ್ಡಪಟ್ಟಿ. ಒಳಗೆ ‘ಎಚ್-4619’ ಎಂಬ ಮುದ್ರೆ. ಎಡ ಜೇಬಿನ ಮೇಲೆ ಏನನ್ನೋ ಕಿತ್ತ ಗುರುತು. ಮಾರಿದವರು ಇದು ಪ್ಯಾರಾಟ್ರೂಪರ್ ಒಬ್ಬನದು ಎಂದರು. ನಿಜವೇ? ಕಿತ್ತುಹೋದ ಪದಕದ ರಿಬ್ಬನ್‌ಗಳನ್ನು ಕೊಂಡು ಹೊಲಿಸಿ, ಡ್ರೈಕ್ಲೀನ್ ಮಾಡಿಸಿ, ಜೊತೆಗೊಂದು ಟೋಪಿ, ಪ್ಯಾಂಟ್ ಸೇರಿಸಿ ಇಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ನೀವು ಅಷ್ಟರಲ್ಲಿ ದರ್ಜಿಯ ಹತ್ತಿರ ಹೋಗಿಬಿಟ್ಟೀರಿ ಎಂಬ ಭಯಕ್ಕೆ. ಬೇಡ. ಹೊಲಿಸಬೇಡಿ, ಒಗೆಸಬೇಡಿ, ಏನನ್ನೂ ಸೇರಿಸಬೇಡಿ.

ಈಗ ಜಾಕೆಟ್ಟಿಗೆ ಬರೋಣ. ಭುಜದ ಹಕ್ಕಿ ಅಮೆರಿಕದ 45ನೇ ಪದಾತಿ ಡಿವಿಷನ್ನಿನ ‘ಥಂಡರ್‌ಬರ್ಡ್’. ಇದೇ ಡಿವಿಷನ್ನಿನ ಹಳೆಯ ಪ್ಯಾಚಿನಲ್ಲಿ ಕೆಂಪು ವಜ್ರದೊಳಗೆ ಹಳದಿ ಸ್ವಸ್ತಿಕವಿತ್ತು. ಅದು ಅಲ್ಲಿನ ಮೂಲನಿವಾಸಿಗಳ ಚಿಹ್ನೆಯಿಂದ ಬಂದದ್ದು. ನಾಜಿಗಳ ದೆಸೆಯಿಂದ ಅದನ್ನು ಬಿಟ್ಟು 1939ರಲ್ಲಿ ಈ ಹಕ್ಕಿಯನ್ನು ತಂದರು. ಎದೆಯ ಮೇಲಿನ ಹಕ್ಕಿಯ ಕತೆ ಬೇರೆ. ಅದು ಗೌರವಯುತ ಬಿಡುಗಡೆಯ ಲಾಂಛನ. ಉಂಗುರದೊಳಗಿಂದ ರೆಕ್ಕೆ ಚಾಚಿದ ಹದ್ದು ಅದು, ಆದರೆ ಸೈನಿಕರ ಕಣ್ಣಿಗೆ ಬಾತುಕೋಳಿಯ ಹಾಗೆ ಕಂಡು ‘ರಪ್ಚರ್ಡ್ ಡಕ್’ (ಹರ್ನಿಯಾ ಆದ ಬಾತುಕೋಳಿ) ಎಂದು ಗೇಲಿ ಮಾಡುತ್ತಿದ್ದರು. ಅಂದಮೇಲೆ ನಿಮ್ಮ ಜಾಕೆಟ್ಟಿನ ಸೈನಿಕ, ಸೇವೆ ಮುಗಿಸಿ ಜೀವಂತವಾಗಿ ಮನೆಗೆ ಹೊರಟವನು. ಪ್ಯಾರಾಟ್ರೂಪರ್ ಅನ್ನುವುದಕ್ಕೆ ಮಾತ್ರ ಯಾವ ಆಧಾರವೂ ಕಾಣುವುದಿಲ್ಲ. 45ನೆಯದು ವಿಮಾನದಿಂದ ಧುಮುಕುವ ಪಡೆಯಲ್ಲ. ಮಾರುವವರ ಬಾಯಲ್ಲಿ ಸಾಮಾನ್ಯ ಪದಾತಿ ಯಾವತ್ತೂ ಪ್ಯಾರಾಟ್ರೂಪರ್ ಆಗಿಬಿಡುತ್ತಾನೆ.

ನನಗೆ ಇದರಲ್ಲಿ ಹೆಚ್ಚು ಇಷ್ಟವಾದದ್ದು ಆ ಮೂರು ಪಟ್ಟಿ. ವಿದೇಶದಲ್ಲಿ ಕಳೆದ ಪ್ರತಿ ಆರು ತಿಂಗಳಿಗೆ ಒಂದು ಪಟ್ಟಿ. ಮೂರು ಎಂದರೆ ಹದಿನೆಂಟು ತಿಂಗಳು ಆಗಿದೆ, ಎರಡು ವರ್ಷ ತುಂಬಿಲ್ಲ. ಡಿವಿಷನ್ 1943ರ ಜೂನ್‌ನಲ್ಲಿ ಹಡಗು ಹತ್ತಿ, ಜುಲೈನಲ್ಲಿ ಸಿಸಿಲಿಯಲ್ಲಿ ಇಳಿದು, 1945ರ ಸೆಪ್ಟೆಂಬರಿನಲ್ಲಿ ಮರಳಿತು. ಮೊದಲಿನಿಂದ ಕೊನೆಯವರೆಗೆ ಇದ್ದವನ ತೋಳಿನಲ್ಲಿ ನಾಲ್ಕು ಪಟ್ಟಿ ಇರಬೇಕಿತ್ತು. ಹಾಗಾದರೆ ನಿಮ್ಮವನು 1944ರ ಸುಮಾರಿಗೆ, ಸತ್ತವರ ಅಥವಾ ಗಾಯಗೊಂಡವರ ಜಾಗ ತುಂಬಲು ಬಂದವನೇ? ಇರಬಹುದು. ಆದರೆ ಒಂದು ತೊಡಕಿದೆ. ಯುದ್ಧ ಮುಗಿದ ಮೇಲೆ, ಸೇವಾವಧಿ, ಕದನ ಮುಂತಾದವಕ್ಕೆ ಯಾರಿಗೆ ಎಷ್ಟು ‘ಪಾಯಿಂಟ್’ ಎಂದು ಲೆಕ್ಕ ಹಾಕಿ, ಊರಿಗೆ ಹೊರಡುವ ಡಿವಿಷನ್‌ಗಳಿಗೆ ಬೇರೆ ಕಡೆಯವರನ್ನು ತುಂಬಿ ಕಳಿಸಿದರು. ಎಡ ಭುಜದ ಪ್ಯಾಚ್ ಹೇಳುವುದು ಕೊನೆಗೆ ಯಾವ ಡಿವಿಷನ್ನಿನಲ್ಲಿದ್ದ ಎಂದಷ್ಟೇ. ಬೇರೆ ಪಡೆಯಲ್ಲಿ ಹೋರಾಡಿದ್ದರೆ ಆ ಪ್ಯಾಚನ್ನು ಬಲ ಭುಜದಲ್ಲಿ ಹಾಕಿಕೊಳ್ಳಲು ಅವಕಾಶವಿತ್ತು.

‘ಎಚ್-4619’ ಎಂಬುದು ಧೋಬಿ ಗುರುತು. ಕುಲನಾಮದ ಮೊದಲ ಅಕ್ಷರ ಮತ್ತು ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಆ ಕಾಲದಲ್ಲಿ ಸೇನೆಗೆ ಸೇರಿದ ಸುಮಾರು 90 ಲಕ್ಷ ಮಂದಿಯ ದಾಖಲೆ ಇದೆ. ಲೆಕ್ಕ ಹಾಕಿ ನೋಡಿ: 4619ರಿಂದ ಕೊನೆಯಾಗುವ ಸಂಖ್ಯೆಗಳು ಅದರಲ್ಲಿ ಹೆಚ್ಚುಕಡಿಮೆ 900 ಬರುತ್ತವೆ, ಅವುಗಳಲ್ಲಿ ‘ಎಚ್’ ಹೆಸರಿನವರು ಕೆಲವು ಡಜನ್. ಆ ಪಟ್ಟಿಯಲ್ಲಿ ಪಡೆಯ ಹೆಸರು ಇರುವುದಿಲ್ಲ. ಊರು, ಹುಟ್ಟಿದ ವರ್ಷ, ಸೇರಿದ ದಿನಾಂಕ ಸಿಗುತ್ತವೆ, ಹೆಸರುಗಳನ್ನು ಜರಡಿ ಹಿಡಿಯಲು ಅಷ್ಟು ಸಾಕು.

ಮುಂದಿನ ಹೆಜ್ಜೆ ಸೇಂಟ್ ಲೂಯಿಸ್‌ನ ಸಿಬ್ಬಂದಿ ದಾಖಲೆ ಕೇಂದ್ರ. ಸೇವೆ ಮುಗಿದು 62 ವರ್ಷ ಕಳೆದ ಕಡತಗಳನ್ನು ಅಲ್ಲಿ ಯಾರು ಬೇಕಾದರೂ ಕೇಳಬಹುದು. ಆದರೆ 1973ರ ಜುಲೈ 12ರಂದು ಹೊತ್ತಿದ ಬೆಂಕಿಯಲ್ಲಿ 1.6ರಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇ. 80ರಷ್ಟು ಹೋದದ್ದು ಅಂದೇ. ಹಾಗೆಂದು ಕೈಚೆಲ್ಲಬೇಡಿ. ಸೇನೆಯ ‘ಕಂಪನಿ’ ಎಂಬ ತುಕಡಿಗಳು ಪ್ರತಿದಿನ ಬರೆಯುತ್ತಿದ್ದ ‘ಮಾರ್ನಿಂಗ್ ರಿಪೋರ್ಟ್’ಗಳು ಉಳಿದಿವೆ. ಯಾರು ಬಂದರು, ಯಾರು ಆಸ್ಪತ್ರೆಗೆ ಹೋದರು ಎಂಬುದೆಲ್ಲ ಹೆಸರು, ಸಂಖ್ಯೆ ಸಮೇತ ಅದರಲ್ಲಿರುತ್ತದೆ. ಅನೇಕ ಸೈನಿಕರು ಊರಿಗೆ ಮರಳಿದ ಕೂಡಲೇ ಬಿಡುಗಡೆ ಪತ್ರವನ್ನು ತಮ್ಮ ಕೌಂಟಿ (ಜಿಲ್ಲಾ) ಕಚೇರಿಯಲ್ಲಿ ನೋಂದಾಯಿಸಿದ್ದೂ ಉಂಟು.

ಇನ್ನು ಎಡ ಎದೆಯ ಗುರುತು. ದೀಪವನ್ನು ಪಕ್ಕದಿಂದ ಬೀಳುವಂತೆ ಹಿಡಿದು ನೋಡಿ. ರಿಬ್ಬನ್ ಮುಚ್ಚಿದ್ದ ಕಡೆ ಬಟ್ಟೆ ಕಡಿಮೆ ಮಾಸಿ, ಸುತ್ತಲಿಗಿಂತ ತುಸು ಗಾಢವಾಗಿ ಕಾಣುತ್ತದೆ. ಅದನ್ನು ಅಳೆಯಿರಿ. ಒಂದು ರಿಬ್ಬನ್ನಿನ ಅಗಲ 35 ಮಿ.ಮೀ. ಒಂದು ಸಾಲಿನಲ್ಲಿ ಎರಡಿತ್ತೋ, ಮೂರಿತ್ತೋ, ಎಷ್ಟು ಸಾಲಿತ್ತೋ ಎಲ್ಲ ಗೊತ್ತಾಗುತ್ತದೆ. ಅದಕ್ಕೂ ಮೇಲೆ ಮೂರು ಇಂಚು ಉದ್ದದ ಗುರುತಿದ್ದರೆ ಅಲ್ಲಿದ್ದದ್ದು ಬಹುಶಃ ಕದನ ಕಂಡ ಪದಾತಿಗಳಿಗೆ ಕೊಡುತ್ತಿದ್ದ ಬ್ಯಾಡ್ಜ್. ನೀವು ಹೊಸ ರಿಬ್ಬನ್ ಹೊಲಿಸಿದರೆ ಈ ಓದೆಲ್ಲ ಮುಚ್ಚಿಹೋಗುತ್ತದೆ, ಆಮೇಲೆ ಕಾಣುವುದು ನಿಮ್ಮ ಊಹೆ ಮಾತ್ರ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಸಂಗ್ರಹ ಶುರುಮಾಡಿದ ಹೊಸತರಲ್ಲಿ ಒಂದು ಕೋಟಿನ ಪ್ಯಾಚ್ ಸೊಟ್ಟಗಿದೆ ಎಂದು ಹೊಲಿಗೆ ಬಿಚ್ಚಿ ನೆಟ್ಟಗೆ ಹೊಲಿದೆ. ದಪ್ಪ ಕಪ್ಪು ದಾರ, ಎರಡು ಕಡೆ ಗಂಟು, ಅವಸರದ ಗಂಡಸಿನ ಕೈ ಎಂದು ನೋಡಿದರೇ ತಿಳಿಯುವಂತಿತ್ತು. ದಾರವನ್ನು ಕಸಕ್ಕೆ ಹಾಕಿದೆ. ಎರಡು ವರ್ಷ ಬಿಟ್ಟು ಆ ಸೈನಿಕನ ಫೋಟೊ ಸಿಕ್ಕಿತು. ಅದೇ ಕೋಟು, ಪ್ಯಾಚ್ ಅದೇ ಓರೆಯಲ್ಲಿ. ಫೋಟೊಗೂ ಕೋಟಿಗೂ ಗಂಟು ಹಾಕುತ್ತಿದ್ದ ಒಂದೇ ಸಾಕ್ಷಿಯನ್ನು ನಾನೇ ಬಿಚ್ಚಿ ಎಸೆದಿದ್ದೆ.

ಅಸಲಿಯೇ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. ಪ್ಯಾಚಿನ ಅಂಚು ಹಗ್ಗ ಸುತ್ತಿದಂತೆ ದಪ್ಪಗೆ ಓವರ್‌ಲಾಕ್ ಆಗಿದ್ದರೆ ಅದು ಯುದ್ಧಾನಂತರದ್ದು. ಆ ಕಾಲದವುಗಳ ಅಂಚು ಸಾಮಾನ್ಯವಾಗಿ ಕತ್ತರಿಸಿ ಬಿಟ್ಟದ್ದು. ನೇರಳಾತೀತ ಟಾರ್ಚಿನಡಿ ದಾರ ಹೊಳೆದರೆ ನಕಲಿ ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೆಯ ಹತ್ತಿ ದಾರವೂ ಹೊಳೆಯುತ್ತದೆ. ಒಗೆಸಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಟೋಪಿ, ಪ್ಯಾಂಟ್ ಬೇಕಿದ್ದರೆ ಕೊಳ್ಳಿ, ಆದರೆ ಬೇರೆ ಪೆಟ್ಟಿಗೆಯಲ್ಲಿಡಿ, ಎಲ್ಲಿ ಯಾವಾಗ ಕೊಂಡದ್ದೆಂದು ಚೀಟಿ ಬರೆದಿಡಿ. ನಿಮ್ಮ ನಂತರ ಕೈಗೆತ್ತಿಕೊಂಡವರು ಮೂರೂ ಒಬ್ಬನದೇ ಎಂದುಕೊಂಡಾರು. ಜಾಕೆಟ್ಟಿನಲ್ಲಿ ಹುಳು ಕಂಡರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದು ಪೂರ್ತಿ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಆಮೇಲೆ ಆಮ್ಲರಹಿತ ಟಿಶ್ಯೂ ಕಾಗದವನ್ನು ಮಡಿಕೆಗಳೊಳಗೆ ತುಂಬಿ ಪೆಟ್ಟಿಗೆಯಲ್ಲಿ ಮಲಗಿಸಿ. ಹಿತ್ತಾಳೆಯ ಭಾಗಗಳೇನಾದರೂ ಇದ್ದರೆ ಪಾಲಿಶ್ ಬೇಡ.

ಒಳಗಿಡುವ ಮುನ್ನ ಬಲ ಭುಜವನ್ನೂ ಅದೇ ಅಡ್ಡ ಬೆಳಕಿನಲ್ಲಿ ನೋಡಿ. ಅಲ್ಲಿ ಸೂಜಿ ತೂತುಗಳ ಸಾಲು ಕಂಡರೆ ಅದರ ಆಕಾರವನ್ನು ಚೀಟಿಯ ಮೇಲೆ ಗೀಚಿ, ಅಳತೆ ಸಮೇತ ನನಗೆ ಕಳಿಸಿ.