ಅಮ್ಮನ ಕಣ್ಣಿಗೆ ಮೊದಲೇ ಬೀಳುವ ಸಂಗತಿಗಳು

ಮನೆಯಲ್ಲಿ ಅಮ್ಮ ಮಾತ್ರ ಗಮನಿಸುವ, ಉಳಿದವರು ನೋಡಿಯೂ ನೋಡದೆ ಹೋಗುವ ಸಣ್ಣ ಸಂಗತಿಗಳು ಯಾವುವು, ಅವು ತಾಯಂದಿರಿಗಷ್ಟೇ ಹೇಗೆ ತಿಳಿಯುತ್ತವೆ ಎಂದು ನೀವು ಕೇಳಿದ್ದೀರಿ. ನಮ್ಮ ಮೈಸೂರಿನ ಮನೆಯಲ್ಲಿ ನಾನು ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ಹೇಳುವುದಾದರೆ, ಉಳಿದವರ ಗಮನ ತೊಂದರೆ ಆದ ಮೇಲೆ ಅತ್ತ ಹೋಗುತ್ತದೆ. ಅಮ್ಮನ ಗಮನ ಅದರ ಸುಳಿವು ಕಂಡಾಗಲೇ ಹೋಗುತ್ತದೆ.

ಕುಕ್ಕರಿನ ವಿಷಯವನ್ನೇ ನೋಡಿ. ನಾವೆಲ್ಲ ಸೀಟಿ ಎಣಿಸುತ್ತೇವೆ, ಅಮ್ಮ ಸೀಟಿಗೂ ಮುಂಚಿನ ಸದ್ದನ್ನು ಕೇಳುತ್ತಾರೆ. ಹಜಾರದಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿದ್ದರೂ, ಮುಚ್ಚಳದ ಅಂಚಿನಿಂದ ಹಬೆ ಸೋರುವ ಸಣ್ಣ ಸದ್ದು ಕಿವಿಗೆ ಬಿದ್ದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ ಎಂದೂ, ಎಷ್ಟು ಹೊತ್ತಾದರೂ ಸೀಟಿ ಬಾರದಿದ್ದರೆ ಬೇಳೆಯ ನೊರೆ ಹಬೆಯ ಕೊಳವೆಗೆ ಕಟ್ಟಿಕೊಂಡಿರಬೇಕು ಅಥವಾ ನೀರು ಸಾಲದೆ ಹೋಗಿರಬೇಕು ಎಂದೂ ಅವರಿಗೆ ತಿಳಿಯುತ್ತದೆ. ಒಲೆಯ ಉರಿ ಹಳದಿಗೆ ತಿರುಗಿದರೆ ನಾನು ಗ್ಯಾಸ್ ಮುಗಿಯುತ್ತಾ ಬಂತು ಎಂದುಕೊಳ್ಳುತ್ತೇನೆ. ಅವರು ಪಕ್ಕದ ಬರ್ನರನ್ನೂ ಹಚ್ಚಿ ನೋಡುತ್ತಾರೆ: ಅದರ ಉರಿ ನೀಲಿಯಾಗಿಯೇ ಇದ್ದರೆ ದೋಷ ಸಿಲಿಂಡರಿನದಲ್ಲ, ನಿನ್ನೆ ಉಕ್ಕಿದ ಹಾಲು ಈ ಬರ್ನರಿನ ತೂತುಗಳನ್ನು ಮುಚ್ಚಿದೆ.

ಬೇಳೆ ಎಂದಿನ ಹೊತ್ತಿಗೆ ಬೇಯದೆ, ಸೋಪು ಸರಿಯಾಗಿ ನೊರೆ ಬರದೆ ಇದ್ದ ದಿನ, ಈ ಹೊತ್ತು ನಲ್ಲಿಯಲ್ಲಿ ಬಂದದ್ದು ಕಾವೇರಿ ನೀರಲ್ಲ, ಬೋರ್ ನೀರು ಎಂದು ಅವರು ಹೇಳಿಬಿಡುತ್ತಾರೆ. ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ಬೇಳೆ ಮೆತ್ತಗಾಗಲು ತಡವಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ಹೆಪ್ಪು ಹಾಕುವಾಗಲೂ ಹಾಗೆಯೇ. ಪುಷ್ಯದ ಚಳಿಯಲ್ಲಿ ಹೆಪ್ಪನ್ನು ತುಸು ಹೆಚ್ಚಿಸಿ ಪಾತ್ರೆಗೆ ಬಟ್ಟೆ ಸುತ್ತಿಡುತ್ತಾರೆ, ಚೈತ್ರದ ಬಿಸಿಲಿನಲ್ಲಿ ಅರ್ಧ ಚಮಚಕ್ಕೆ ಇಳಿಸುತ್ತಾರೆ. ಹೊಸ ಅಕ್ಕಿಯ ಚೀಲ ಬಿಚ್ಚಿದ ದಿನ ಅನ್ನಕ್ಕಿಡುವ ನೀರು ಯಾರೂ ಹೇಳದೆಯೇ ಕಡಿಮೆಯಾಗುತ್ತದೆ.

ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮನೆಯ ಜನರ ಬಗ್ಗೆ ಅವರಿಗಿರುವ ಎಚ್ಚರ. ಅಜ್ಜಿ ಚಪಾತಿಯನ್ನು ಬದಿಗೆ ಸರಿಸಿ ಅನ್ನವನ್ನಷ್ಟೇ ಉಣ್ಣತೊಡಗಿದಾಗ ನಾವು ಅವರಿಗೆ ಹಸಿವಿಲ್ಲವೇನೋ ಎಂದುಕೊಂಡೆವು. ಅಮ್ಮ ಮಾತ್ರ ಅವರು ಒಂದೇ ದವಡೆಯಲ್ಲಿ ಅಗಿಯುತ್ತಿರುವುದನ್ನು ಕಂಡು ದಂತವೈದ್ಯರ ಬಳಿಗೆ ಕರೆದೊಯ್ದರು. ರಕ್ತದೊತ್ತಡದ ಮಾತ್ರೆಯ ಪಟ್ಟಿಯಲ್ಲಿ ಉಳಿದಿರಬೇಕಾದ್ದಕ್ಕಿಂತ ಹೆಚ್ಚು ಮಾತ್ರೆ ಕಂಡರೆ, ಯಾರನ್ನೂ ಗದರಿಸದೆ, ಮರುದಿನದಿಂದ ತಿಂಡಿಯ ತಟ್ಟೆಯ ಪಕ್ಕದಲ್ಲೇ ಮಾತ್ರೆ ಇಡುತ್ತಾರೆ. ಕೇಳಿದ್ದರೆ ಅಜ್ಜಿ ನೋವಿಲ್ಲ, ಮರೆತಿಲ್ಲ ಎಂದೇ ಹೇಳುತ್ತಿದ್ದರು. ಹಿರಿಯರು ತಮ್ಮ ತೊಂದರೆಯನ್ನು ಬಾಯಿಬಿಟ್ಟು ಹೇಳದ ಮನೆಗಳಲ್ಲಿ ಇಂಥ ಗಮನವೇ ಅರ್ಧ ಚಿಕಿತ್ಸೆ ಎಂದು ನಾನು ನಂಬುತ್ತೇನೆ.

ಫ್ರಿಜ್ಜಿನ ಹಿಂಬದಿಯ ತಟ್ಟೆ ಮತ್ತು ಹೂಕುಂಡದ ಅಡಿತಟ್ಟೆಗಳನ್ನು ಅವರು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವುದಕ್ಕೂ ಕಾರಣವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನಿಂತ ನೀರು ಸಾಕು, ಮತ್ತು ಅದರ ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಹಿಡಿಯುತ್ತದೆ.

ಇನ್ನು, ಇದು ತಾಯಂದಿರಿಗಷ್ಟೇ ಏಕೆ ಎಂಬ ನಿಮ್ಮ ಪ್ರಶ್ನೆ. ಇದನ್ನು ತಾಯ್ತನದ ಹುಟ್ಟುಗುಣವೆಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಹೊಗಳಿಕೆಯಿಂದ ಉಳಿದವರೆಲ್ಲರಿಗೂ ರಜೆ ಸಿಕ್ಕಿಬಿಡುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು, ಗಂಡಸರು 88 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ದಿನವೂ ಅಷ್ಟು ಹೊತ್ತು ಒಲೆ, ನೀರು, ಬಟ್ಟೆಗಳ ನಡುವೆ ಇದ್ದವರ ಕಣ್ಣು ಕಿವಿ ಪಳಗದೆ ಇರುತ್ತವೆಯೇ? ಬೇರೆ ಕೆಲಸ ಮಾಡುತ್ತಲೇ ಮನಸ್ಸಿನ ಒಂದು ಭಾಗವನ್ನು ಕುಕ್ಕರಿನ ಕಡೆಗೋ ಮಗುವಿನ ಕೆಮ್ಮಿನ ಕಡೆಗೋ ಇಟ್ಟಿರುವ ಹೊತ್ತು ಆ ನಿಮಿಷಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹೆಂಡತಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಒಬ್ಬರೇ ಬೆಳೆಸಿದ ನಮ್ಮ ನೆರೆಯವರೊಬ್ಬರು, ಉಕ್ಕಲು ಹೊರಟ ಹಾಲನ್ನು ವಾಸನೆಯಿಂದಲೇ ಗುರುತಿಸಿ ಎದ್ದು ಹೋಗುವುದನ್ನು ನಾನು ಕಂಡಿದ್ದೇನೆ.

ನೀವೂ ಕಲಿಯಬೇಕೆಂದಿದ್ದರೆ, "ಏನು ಮಾಡಲಿ ಹೇಳಿ" ಎಂದು ಅಮ್ಮನನ್ನು ಕೇಳಬೇಡಿ. ಹಾಗೆ ಕೇಳಿದರೆ ಗಮನಿಸುವ ಕೆಲಸ ಮತ್ತೆ ಅವರದೇ ಆಗುತ್ತದೆ. ಒಂದೇ ವಿಷಯವನ್ನು ಪೂರ್ತಿಯಾಗಿ ನಿಮ್ಮ ಹೊಣೆಗೆ ತೆಗೆದುಕೊಳ್ಳಿ. ನಾನು ಗ್ಯಾಸಿನ ಹೊಣೆ ಹೊತ್ತೆ. ರಬ್ಬರ್ ಪೈಪಿನ ಮೇಲೆ ಅಚ್ಚಾಗಿರುವ ಅವಧಿಯನ್ನು ನೋಡುವುದು, ಅದು ಬಿರುಕು ಬಿಟ್ಟಿದೆಯೇ ಎಂದು ಬಾಗಿಸಿ ಪರೀಕ್ಷಿಸುವುದು, ಹೊಸ ಸಿಲಿಂಡರ್ ಬಂದಾಗ ಅದರ ಕೊರಳಿನ ಪಟ್ಟಿಯ ಒಳಬದಿಯಲ್ಲಿ ಬರೆದ ಅಕ್ಷರವನ್ನು ಓದುವುದು ಈಗ ನನ್ನ ಕೆಲಸ. ಅಲ್ಲಿ ಬಿ-27 ಎಂದಿದ್ದರೆ ಮುಂದಿನ ಸುರಕ್ಷತಾ ಪರೀಕ್ಷೆ 2027ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕಕ್ಕೆ ಬರುತ್ತದೆ ಎಂದರ್ಥ. ಅವಧಿ ಮೀರಿದ ಸಿಲಿಂಡರ್ ತಂದರೆ ಅದನ್ನು ಅಲ್ಲಿಯೇ ಹಿಂದಿರುಗಿಸಿ, ಬೇರೆಯದನ್ನು ಕೇಳಿ ಪಡೆಯಬೇಕು.