ಕನಿಷ್ಠ ಒಂದು ಕೆಂಪು ಚೆಂಡು: ಸಂಭವನೀಯತೆ 1.25 ಬಂದದ್ದು ಯಾಕೆ?

5 ಕೆಂಪು, 4 ನೀಲಿ, 3 ಹಸಿರು ಚೆಂಡುಗಳಿರುವ ಚೀಲದಿಂದ ಒಟ್ಟಿಗೆ 3 ತೆಗೆದರೆ ಒಂದಾದರೂ ಕೆಂಪು ಬರುವ ಸಂಭವನೀಯತೆ 1.25 ಬಂತು, ಇದಕ್ಕೆ ಬೇರೆ ಯಾವ ಸೂತ್ರ ಇದೆ ಎಂದು ಕೇಳಿದ್ದೀರಿ. ಈ 1.25 ನನಗೆ ಹಳೇ ಪರಿಚಯ. ಬೇರೆ ಸೂತ್ರ ಹುಡುಕಬೇಡಿ. ವಿಕಲ್ಪದ (ಕ್ರಮ ನೋಡದೆ ಆರಿಸುವ ರೀತಿಗಳ) ಸೂತ್ರ ಸರಿಯಾಗಿಯೇ ಇದೆ, ಎಣಿಕೆ ಕೆಟ್ಟಿದೆ.

ಛೇದ ಸರಿ: 12ಸಿ3 (12ರಲ್ಲಿ 3 ಆರಿಸುವ ರೀತಿಗಳು) = (12×11×10) ÷ (3×2×1) = 220. ಅಂಶಕ್ಕೆ ನೀವು 5ಸಿ1 × 11ಸಿ2 = 5 × 55 = 275 ಹಾಕಿದ್ದೀರಿ. ಒಂದು ಕೆಂಪು ಎತ್ತಿಟ್ಟುಕೊಂಡರೆ ಷರತ್ತು ಮುಗಿಯಿತು, ಮಿಕ್ಕ 11ರಲ್ಲಿ ಯಾವೆರಡಾದರೂ ಬರಲಿ ಎಂಬ ಯೋಚನೆ. ಓದಿದರೆ ಎಲ್ಲೂ ಲೋಪ ಕಾಣುವುದಿಲ್ಲ, ಅದಕ್ಕೇ ಇದು ಅಪಾಯಕಾರಿ.

ಚೆಂಡುಗಳಿಗೆ ಹೆಸರಿಟ್ಟು ನೋಡಿ: ಕೆಂ1, ಕೆಂ2, ನೀ1 ಕೈಗೆ ಬಂದವು ಎನ್ನೋಣ. ನಿಮ್ಮ ಲೆಕ್ಕದಲ್ಲಿ ಕೆಂ1 ಎತ್ತಿಟ್ಟದ್ದು, ಕೆಂ2–ನೀ1 ಮಿಕ್ಕ ಎರಡು. ಇದು ಒಂದು ಸಲ. ಕೆಂ2 ಎತ್ತಿಟ್ಟದ್ದು, ಕೆಂ1–ನೀ1 ಮಿಕ್ಕ ಎರಡು; ಇದು ಮತ್ತೊಂದು ಸಲ. ಕೈಯಲ್ಲಿರುವುದು ಅದೇ ಮೂರು ಚೆಂಡು, ಎಣಿಸಿದ್ದು ಎರಡು ಬಾರಿ. ಮೂರೂ ಕೆಂಪಾದರೆ ಮೂರು ಬಾರಿ.

ನಿಜವಾದ ಎಣಿಕೆ ಹೀಗೆ. ಸರಿಯಾಗಿ ಒಂದು ಕೆಂಪು: 5 × 7ಸಿ2 = 105. ಎರಡು: 5ಸಿ2 × 7 = 70. ಮೂರು: 5ಸಿ3 = 10. ಒಟ್ಟು 185. ಈಗ 105×1 + 70×2 + 10×3 ಮಾಡಿ: ನಿಮ್ಮ 275 ಹಾಗೇ ಸಿಗುತ್ತದೆ. ಅಂದರೆ 275/220 ಎಂಬುದು ಮೂರು ಚೆಂಡುಗಳಲ್ಲಿ ಸರಾಸರಿ ಎಷ್ಟು ಕೆಂಪು ಬರುತ್ತವೆ ಎಂಬ ಬೇರೆಯೇ ಪ್ರಶ್ನೆಗೆ ಸರಿಯುತ್ತರ (3 × 5/12 = 1.25). ನನಗೆ ಈ ಲೆಕ್ಕದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ.

"ಕನಿಷ್ಠ ಒಂದು" ಎಂದು ಕಂಡ ಕೂಡಲೇ ಪೂರಕ ಘಟನೆ (ಕೇಳಿದ್ದು ಆಗದೇ ಇರುವುದು) ಹಿಡಿಯಿರಿ. ಒಂದೂ ಕೆಂಪಿಲ್ಲದೆ ಬರುವುದು 7ಸಿ3 = 35 ರೀತಿ. ಉತ್ತರ 1 − 35/220 = 37/44, ಸುಮಾರು 0.84. "ಕನಿಷ್ಠ ಎರಡು" ಎಂದಿದ್ದರೆ ಸೊನ್ನೆ ಮತ್ತು ಒಂದು ಕೆಂಪಿನ ಎರಡೂ ಸಂದರ್ಭ ಕಳೆಯಬೇಕು, ಬರೀ 35 ಕಳೆದರೆ ಸಾಲದು.

ಒಂದೇ ಬಣ್ಣದವು ಒಂದೇ ಥರ ಇರುವಾಗ ಬೇರೆಬೇರೆ ಎಂದು ಎಣಿಸುವುದು ಹೇಗೆ ಎಂದೂ ಕೇಳಿದ್ದೀರಿ. ಎಣಿಸಲೇಬೇಕು. ಬಣ್ಣ ಮಾತ್ರ ನೋಡಿದರೆ 10 ಬಗೆಯ ಫಲಿತಗಳಿವೆ, ಆದರೆ ಅವು ಸಮಸಂಭವನೀಯವಲ್ಲ: ಮೂರೂ ಹಸಿರು ಬರಲು 1 ದಾರಿ, ಬಣ್ಣಕ್ಕೊಂದರಂತೆ ಬರಲು 5×4×3 = 60 ದಾರಿ. ಎರಡಕ್ಕೂ 1/10 ಕೊಡುವುದು ಶುದ್ಧ ತಪ್ಪು.

ಒಂದೊಂದಾಗಿ ತೆಗೆದಂತೆ ಗುಣಿಸುವವರು ಕ್ರಮ ಮರೆಯಬಾರದು. ಬಣ್ಣಕ್ಕೊಂದು ಬರಲು 5/12 × 4/11 × 3/10 = 1/22; ಇದು ಕೆಂಪು, ನೀಲಿ, ಹಸಿರು ಎಂಬ ಒಂದೇ ಕ್ರಮದ್ದು. 6 ಕ್ರಮಗಳಿಗೆ 6/22 = 3/11, ಅದೇ 60/220.

ತೆಗೆದ ಚೆಂಡನ್ನು ಪ್ರತಿ ಬಾರಿ ಮರಳಿ ಹಾಕುವುದಾದರೆ 12ಸಿ3 ಕೈಬಿಡಿ. ಆಗ ಒಂದೂ ಕೆಂಪು ಬಾರದಿರುವುದು (7/12)³ = 343/1728, ಒಂದಾದರೂ ಬರುವುದು ಸುಮಾರು 0.80.