ಮಧು, ಮೀಡ್, ಮೆಲ್ಲಿಫೆರಾ, ಜೇನು: ಯಾವುದಕ್ಕೆ ಯಾವುದು ನೆಂಟ?

ನಮಸ್ಕಾರ. ಶಿರಸಿಯಲ್ಲಿ ಜೇನುತುಪ್ಪದ ಮಳಿಗೆ ಹಾಕುವಾಗ ಫಲಕದ ಮೇಲೆ ಬರೆಸಬಹುದೇ ಎಂದು ಕೇಳಿ ತಾವು ನಮ್ಮ ಜೇನುಸಾಕಣೆಯವರ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಓದಿದೆ. ಸಂಸ್ಕೃತದ ‘ಮಧು’ವಿನಿಂದಲೇ ಇಂಗ್ಲಿಷಿನ ‘ಮೀಡ್’, ಲ್ಯಾಟಿನ್ನಿನ ‘ಮೆಲ್’, ಚೀನಿಯರ ‘ಮಿ’ ಮತ್ತು ನಮ್ಮ ‘ಜೇನು’ ಹುಟ್ಟಿದವು ಎಂದು ಅದರಲ್ಲಿದೆ. ಈ ನಾಲ್ಕರಲ್ಲಿ ಒಂದೂ ಅಲ್ಲಿ ಹೇಳಿದ ರೀತಿಯಲ್ಲಿ ನಿಜವಲ್ಲ. ಆದರೆ ಎರಡು ಪದಗಳಿಗೆ ಮಧುವಿನೊಡನೆ ನಂಟು ಇರುವುದು ಹೌದು, ಆ ನಂಟು ಸಂದೇಶ ಬರೆದವರು ಊಹಿಸಿದ್ದಕ್ಕಿಂತ ಸ್ವಾರಸ್ಯವಾಗಿದೆ.

ಮೊದಲು ಮೀಡ್. ಜೇನುತುಪ್ಪಕ್ಕೆ ನೀರು ಬೆರೆಸಿ ಹುಳಿಸಿದ ಪಾನೀಯಕ್ಕೆ ಇಂಗ್ಲಿಷಿನಲ್ಲಿ ಈ ಹೆಸರಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಮೆದು’ ಎಂದಿತ್ತು. ಗ್ರೀಕಿನಲ್ಲಿ ‘ಮೆಥು’ ಎಂದರೆ ದ್ರಾಕ್ಷಾರಸದ ಮದ್ಯ, ಲಿಥುವೇನಿಯನ್ನಿನಲ್ಲಿ ‘ಮೆದುಸ್’ ಎಂದರೆ ಜೇನುತುಪ್ಪ, ರಷ್ಯನ್ನಿನಲ್ಲಿ ‘ಮ್ಯೋದ್’ ಎಂದರೂ ಜೇನುತುಪ್ಪ. ಇವೆಲ್ಲ ಮಧುವಿನ ಮಕ್ಕಳಲ್ಲ, ಒಡಹುಟ್ಟಿದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಬಹುಶಃ ಉಳಿದಿರದ ಒಂದೇ ಮೂಲದಿಂದ ಬಂದಿರಬೇಕು ಎಂದು ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಆ ಮೂಲವನ್ನು ಇಂದು ಮೂಲ ಇಂಡೋ-ಯುರೋಪಿಯನ್ ಎನ್ನುತ್ತಾರೆ. ಅದರ ಬರಹ ಒಂದು ಸಾಲೂ ಇಲ್ಲದ ಕಾರಣ, ಮಗಳು ಭಾಷೆಗಳನ್ನು ಹೋಲಿಸಿ ಊಹಿಸಿದ ರೂಪದ ಹಿಂದೆ ನಕ್ಷತ್ರ ಚಿಹ್ನೆ ಹಾಕುವುದು ವಾಡಿಕೆ: *ಮೆಧು. (ದಕಾರ ಧಕಾರಗಳ ಭೇದ ನಮ್ಮ ಲಿಪಿಯಲ್ಲೇ ಇರುವುದರಿಂದ ಇದನ್ನು ಬರೆಯಲು ಕನ್ನಡ ಇಂಗ್ಲಿಷಿಗಿಂತ ಅನುಕೂಲ.)

ಮೂಲದಲ್ಲಿ ‘ಮ’ ಅಲ್ಲ, ‘ಮೆ’ ಇತ್ತು ಎಂದು ಹೇಗೆ ಗೊತ್ತು, ಯುರೋಪಿನವರೇ ಅಕಾರವನ್ನು ಕೆಡಿಸಿರಬಾರದೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಸಂಸ್ಕೃತದ ಒಳಗೇ ಇದೆ. ‘ಮತ್ತು’ ಎಂಬ ಅರ್ಥದ ಸಂಸ್ಕೃತದ ‘ಚ’ ಲ್ಯಾಟಿನ್ನಿನಲ್ಲಿ ‘ಕ್ವೆ’ ಆಗಿದೆ. ಅಕಾರದ ಮುಂದೆ ಕಕಾರವು ಚಕಾರವಾಗಲು ಕಾರಣವಿಲ್ಲ; ಎಕಾರ, ಇಕಾರಗಳ ಮುಂದೆ ಹಾಗಾಗುವುದು ಎಷ್ಟೋ ಭಾಷೆಗಳಲ್ಲಿ ಕಾಣುತ್ತದೆ. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’ ಆದದ್ದೂ ಇದೇ ಬಗೆಯ ಬದಲಾವಣೆ. ಆದ್ದರಿಂದ ಸಂಸ್ಕೃತದ ಆ ಅಕಾರವು ಹಿಂದೆ ಎಕಾರವಾಗಿತ್ತು, ಕಕಾರವನ್ನು ಚಕಾರ ಮಾಡಿದ ಮೇಲೆ ತಾನೂ ಬದಲಾಯಿತು ಎಂದು 1870ರ ದಶಕದಲ್ಲಿ ವಿದ್ವಾಂಸರು ಕಂಡುಕೊಂಡರು. ಸಂಸ್ಕೃತವೇ ಎಲ್ಲಕ್ಕೂ ತಾಯಿ ಎಂಬ ವಾದ ನಿಲ್ಲದಿರುವುದು ಇಂಥ ಕಡೆ.

ಇನ್ನು ಧಕಾರ. ಅದು ಗ್ರೀಕಿನಲ್ಲಿ ಥಕಾರವಾಗಿ, ಇಂಗ್ಲಿಷ್, ಲಿಥುವೇನಿಯನ್, ರಷ್ಯನ್‌ಗಳಲ್ಲಿ ದಕಾರವಾಗಿ ಬಂದಿದೆ. ಒಂದೇ ಪದದಲ್ಲಿ ಹೀಗಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ನಾವು ಜೇನುಪೆಟ್ಟಿಗೆ ತೆರೆಯುವ ಮೊದಲು ಹಾಕುವ ಹೊಗೆಯನ್ನೇ ತೆಗೆದುಕೊಳ್ಳಿ: ಸಂಸ್ಕೃತದಲ್ಲಿ ‘ಧೂಮ’, ಲಿಥುವೇನಿಯನ್ನಿನಲ್ಲಿ ‘ದೂಮೈ’, ರಷ್ಯನ್ನಿನಲ್ಲಿ ‘ದಿಮ್’, ಲ್ಯಾಟಿನ್ನಿನಲ್ಲಿ ‘ಫೂಮುಸ್’, ಗ್ರೀಕಿನಲ್ಲಿ ‘ಥೂಮೊಸ್’, ಅರ್ಥ ಮಾತ್ರ ಮನಸ್ಸಿನ ಆವೇಶ. ಅದೇ ಅಕ್ಷರ ಅದೇ ಜಾಗದಲ್ಲಿ ಅದೇ ರೀತಿ ಬದಲಾಗುತ್ತಿದೆ. ಎರಡು ಪದಗಳು ಕೇಳಲು ಹೋಲುತ್ತವೆ ಎಂಬುದು ಸಾಕ್ಷ್ಯವಲ್ಲ, ಬದಲಾವಣೆ ತಪ್ಪದೆ ಮರುಕಳಿಸುತ್ತದೆ ಎಂಬುದು ಸಾಕ್ಷ್ಯ.

ಈ ಪದಗಳಿಗೆ ಜೇನುತುಪ್ಪ ಮತ್ತು ಮದ್ಯ, ಎರಡು ಅರ್ಥ ಏಕೆ ಎಂಬುದನ್ನು ನಮ್ಮ ಗುಂಪಿಗೆ ವಿವರಿಸಬೇಕಾಗಿಲ್ಲ. ಪೂರ್ತಿ ಮುಚ್ಚದ ಎರಿಯಿಂದ ಅವಸರದಲ್ಲಿ ತೆಗೆದ ತುಡುವೆ ಜೇನಿನ ತುಪ್ಪ ಮಳೆಗಾಲದಲ್ಲಿ ನೊರೆ ಕಟ್ಟಿ ಹುಳಿ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಋಗ್ವೇದದಲ್ಲಿ ಮಧು ಎಂದರೆ ಜೇನೂ ಹೌದು, ಸಿಹಿಯಾದ ಪಾನವೂ ಹೌದು, ಸೋಮರಸಕ್ಕೂ ಆ ಮಾತು ಸಲ್ಲುತ್ತದೆ. ಗ್ರೀಕರು ಪಾನವನ್ನು ಮಾತ್ರ ಉಳಿಸಿಕೊಂಡರು. ಅಮಲೇರಿಸುವುದಿಲ್ಲ ಎಂಬ ನಂಬಿಕೆಯಿಂದ ಅವರು ನೇರಳೆ ಬಣ್ಣದ ಹರಳಿಗೆ ‘ಅಮೆಥಿಸ್ಟ್’ ಎಂದರು. 1830ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ದ್ಯೂಮಾ ಮತ್ತು ಪೆಲಿಗೊ ಕಟ್ಟಿಗೆಯಿಂದ ಬಂದ ಮದ್ಯಸಾರಕ್ಕೆ ಹೆಸರಿಡುವಾಗ ಬಳಸಿದ ಮೆಥು ಇಂದಿನ ಮೀಥೈಲ್ ಆಲ್ಕೊಹಾಲಿನಲ್ಲಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕರಡಿ. ರಷ್ಯನ್ನರು ಕರಡಿಗೆ ‘ಮೆದ್ವೇದ್’ ಎನ್ನುತ್ತಾರೆ, ಅಂದರೆ ಜೇನು ತಿನ್ನುವುದು. ಮೂಲ ಭಾಷೆಯಲ್ಲಿ ಕರಡಿಗಿದ್ದ ಬೇರೆ ಹೆಸರು ಸಂಸ್ಕೃತದಲ್ಲಿ ‘ಋಕ್ಷ’ವಾಗಿ, ಗ್ರೀಕಿನಲ್ಲಿ ‘ಅರ್ಕ್ತೊಸ್’ ಆಗಿ ಉಳಿದಿದೆ. ಕಾಡಿನಲ್ಲಿ ಹೆಸರೆತ್ತಿದರೆ ಎದುರಿಗೇ ಬಂದೀತೆಂಬ ಭಯಕ್ಕೆ ರಷ್ಯನ್ನರ ಪೂರ್ವಜರಾದ ಸ್ಲಾವರು ಆ ಹೆಸರನ್ನು ಬಿಟ್ಟರೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ಉತ್ತರ ಕನ್ನಡದ ಜೋಯಿಡಾ ಕಾಡಿನ ಕಡೆಯವರಿಗೆ ಈ ಭಯ ಹೊಸದಾಗಿ ಕಾಣಲಾರದು. ಋಗ್ವೇದದ ಮೊದಲ ಮಂಡಲದ 164ನೆಯ ಸೂಕ್ತದಲ್ಲಿ ಮರದ ಮೇಲೆ ಕುಳಿತ ಹಕ್ಕಿಗಳನ್ನು ‘ಮಧ್ವದಃ’ ಎಂದು ಕರೆದಿದೆ: ಮಧು ಮತ್ತು ತಿನ್ನು ಎಂಬರ್ಥದ ಅದ್. ಮೆದ್ವೇದಿನ ಒಳಗಿರುವ ಎರಡು ಧಾತುಗಳೂ ಇವೇ.

ಲ್ಯಾಟಿನ್ನಿನ ‘ಮೆಲ್’ ಬೇರೆ ಮನೆತನದ್ದು. ಅದರ ಮೂಲ *ಮೆಲಿತ್. ಇಂದಿನ ಟರ್ಕಿಯಲ್ಲಿ ಹಿಂದೆ ಇದ್ದ ಹಿಟ್ಟೈಟ್ ಭಾಷೆಯಲ್ಲಿ ‘ಮಿಲಿತ್’, ಗ್ರೀಕಿನಲ್ಲಿ ‘ಮೆಲಿ’. ಗ್ರೀಕಿನಲ್ಲಿ ಮೆಲಿ, ಮೆಥು ಎರಡೂ ಅಕ್ಕಪಕ್ಕದಲ್ಲಿ ಬಾಳಿರುವುದರಿಂದ ಇವನ್ನು ಒಂದೇ ಪದವೆನ್ನಲು ಬರುವುದಿಲ್ಲ. 1758ರಲ್ಲಿ ಜೀವಿಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟ ವಿಜ್ಞಾನಿ ಲಿನ್ನೇಯಸ್ ಯುರೋಪಿನ ಜೇನುಹುಳಕ್ಕೆ ಇಟ್ಟ ‘ಮೆಲ್ಲಿಫೆರಾ’ ಎಂಬ ಹೆಸರಿನಲ್ಲಿ ಸಂಸ್ಕೃತಕ್ಕೆ ನೆಂಟನಾಗಿರುವುದು ಮೊದಲ ಅರ್ಧವಲ್ಲ, ಎರಡನೆಯದು: ಹೊರುವುದು ಎಂಬರ್ಥದ ‘ಫೆರ್’ ಮತ್ತು ಸಂಸ್ಕೃತದ ‘ಭರ್’ ಒಂದೇ ಧಾತು. ‘ಭಾರ’ ಬಂದದ್ದೂ ಅದರಿಂದಲೇ.

ಚೀನಿಯರ ‘ಮಿ’ ಎರವಲು. ಇಂದಿನ ಶಿನ್‌ಜಿಯಾಂಗ್ ಸೀಮೆಯಲ್ಲಿದ್ದ, ಈಗ ಅಳಿದಿರುವ ತೋಖಾರಿಯನ್ ಎಂಬ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಜೇನಿಗೆ ‘ಮಿತ್’ ಎನ್ನುತ್ತಿದ್ದರು. ಆ ಬಳಗದಿಂದ ಪದ ಚೀನಕ್ಕೆ ಹೋಯಿತು, ಅಲ್ಲಿಂದ ಜಪಾನಿಗೆ ಹೋಗಿ ‘ಮಿತ್ಸು’ ಆಯಿತು. ‘ಜೇನು’ ಮಾತ್ರ ಪೂರ್ತಿ ದ್ರಾವಿಡ. ತಮಿಳು ಮಲಯಾಳಗಳ ‘ತೇನ್’, ತೆಲುಗಿನ ‘ತೇನೆ’ ಅದರ ಬಳಗ.

ಮುಂದೆ ಇಂಥ ಸಂದೇಶ ಬಂದರೆ ಪದದ ಅತ್ಯಂತ ಹಳೆಯ ರೂಪವನ್ನು ಮೊದಲು ಹುಡುಕಿ. ಇಂಗ್ಲಿಷಿನ ‘ಹನಿ’ ನಮ್ಮ ‘ಹನಿ’ಯೇ ಎಂದು ಇದೇ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ಅವರದು ಹಿಂದೆ ‘ಹುನಿಗ್’ ಆಗಿತ್ತು, ನಮ್ಮದು ಹಳಗನ್ನಡದಲ್ಲಿ ‘ಪನಿ’. ಹಿಂದೆ ಹೋದಷ್ಟೂ ಎರಡೂ ದೂರವಾಗುತ್ತವೆ. ‘ಮದ್ಯ’ವೂ ಮಧುವಿನಿಂದ ಬಂದದ್ದಲ್ಲ, ಅದು ಅಮಲೇರುವುದು ಎಂಬರ್ಥದ ‘ಮದ್’ ಧಾತುವಿನದು. ಆಡುವಾಗ ನಾವು ಮಹಾಪ್ರಾಣವನ್ನು ನುಂಗುವುದರಿಂದ ಎರಡೂ ಒಂದೆನಿಸುತ್ತವೆ. ‘ಮದ್ದು’ ಕೂಡ ಮಧುವಿನದಲ್ಲ, ತಮಿಳಿನ ‘ಮರುಂದು’ವಿನ ಜೊತೆಯದು.

ಫಲಕಕ್ಕೆ ನನ್ನ ಸಲಹೆ: ಚೀನ ಜಪಾನುಗಳನ್ನು ಬಿಟ್ಟು ಮಧು, ಮೆಥು, ಮೆದುಸ್, ಮ್ಯೋದ್, ಮೀಡ್ ಇವನ್ನು ‘ಒಂದೇ ಮೂಲದ ಪದಗಳು’ ಎಂದು ಬರೆಸಿ, ‘ಸಂಸ್ಕೃತದಿಂದ ಬಂದವು’ ಎಂಬ ಸಾಲನ್ನು ತೆಗೆಸಿ. ಇವುಗಳ ಪಕ್ಕದಲ್ಲಿ ಕೊಂಕಣಿಯ ‘ಮ್ಹೋಂವ್’ ಅಗತ್ಯವಾಗಿ ಇರಲಿ. ‘ದಧಿ’ ಹಿಂದಿಯಲ್ಲಿ ‘ದಹಿ’ಯಾದಂತೆ ಪ್ರಾಕೃತದಲ್ಲಿ ಧಕಾರ ಸವೆದು ಹಕಾರವಾಗಿ ‘ಮಹು’ ಆದ ಮಧುವೇ ಅದು. ನಮ್ಮ ಜಿಲ್ಲೆಯಲ್ಲಿ ಆ ಮೂಲದ ಪದವನ್ನು ಮನೆಮಾತಿನಲ್ಲಿ ಇಂದಿಗೂ ಆಡುವವರು ಕೊಂಕಣಿಗರು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಕೊಂಕಣಿ ಸದಸ್ಯರು ತಮ್ಮ ಮನೆಯಲ್ಲಿ ಹೇಳುವ ಉಚ್ಚಾರವನ್ನು ಇಲ್ಲಿ ಬರೆದು ತಿಳಿಸಿದರೆ ಅದನ್ನೇ ಬರೆಸಬಹುದು.